ಎರಡು ರ್‍ಯಾಮುಗಳ ದಾಂಪತ್ಯ

ಒಡೆದ ಸಂಸಾರಗಳನ್ನು ಬೆಸೆಯುವುದೇ ಉದ್ಯೋಗವಾಗಿದ್ದ ಸಂಧಾನಕಾರನಿಗೆ, ಬಿಡಿಭಾಗಗಳನ್ನು ಕೂಡಿಸಿ ಗಣಕಯಂತ್ರವೊಂದನ್ನು ಕಟ್ಟುವುದು ಎಡಗೈಯ ಕೆಲಸವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪಾತ್ರೆ ಎಸೆದಾಡಿದ ಗಂಡಹೆಂಡಿರನ್ನು ನ್ಯಾಯಾಲಯದ ಒಂದೇ ಬೆಂಚಿನ ಮೇಲೆ ಕೂರಿಸಿ ನಗಿಸಿದ ಮಹಾನುಭಾವ ಆತ. ಕಟ್ಟಡಗಳ ನಕ್ಷೆ ಬರೆಯುವ ಮಡದಿಗೆ ಮೊದಲ ಸ್ವತಂತ್ರ ಕೆಲಸ ದೊರೆತಾಗ, ಅವಳಿಗೆ ಹೊಸ ಯಂತ್ರವನ್ನು ಸ್ವಹಸ್ತದಿಂದಲೇ ನಿರ್ಮಿಸಿಕೊಡುವೆನೆಂದು ಊಟದ ಮೇಜಿನಿಂದ ಘೋಷಣೆ ಹೊರಟಿತು.

ಯಂತ್ರವು ಕೆಲಸದ ಹೊತ್ತಿನಲ್ಲಿ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ರ್‍ಯಾಮ್ ಎಂಬ ಅಂಗೈಯುದ್ದದ ಪಟ್ಟಿಯಿಂದ. ಹೊಸದೊಂದನ್ನು ಕೂರಿಸಿದ ಮೇಲೆ ಪಕ್ಕದ ಸ್ಥಾನ ಬರಿದಾಗಿದ್ದುದು ಅವನ ವೃತ್ತಿಧರ್ಮಕ್ಕೆ ಸಹ್ಯವಾಗಲಿಲ್ಲ. ಅಟ್ಟದ ಮೇಲಿನ ಮುದಿ ಯಂತ್ರದಿಂದ ಬೇರೆ ಕಂಪನಿಯ, ಬೇರೆ ಗಾತ್ರದ, ಬೇರೆ ವೇಗದ ಪಟ್ಟಿಯನ್ನು ಕಿತ್ತು ತಂದು ಜೊತೆ ಮಾಡಿದ. ಒಂದೇ ಬಗೆಯ ಜೋಡಿಯನ್ನೇ ಬಳಸಿರೆಂದು ಡಬ್ಬದೊಳಗಿನ ಕಾಗದ ಎಚ್ಚರಿಸಿತ್ತು. (ವಕೀಲರೂ ಹೀಗೆಯೇ ಹೆದರಿಸುತ್ತಾರೆಂದು ಅದನ್ನು ಮಡಚಿಟ್ಟ.)

ಯಂತ್ರ ಎದ್ದಿತು, ಎರಡೂ ಪಟ್ಟಿಗಳ ನೆನಪಿನ ಮೊತ್ತವನ್ನು ಪರದೆಯ ಮೇಲೆ ತೋರಿಸಿತು.

"ನೋಡು, ಮನಸ್ಸಿದ್ರೆ ಎಂಥವರೂ ಹೊಂದ್ಕೋತಾರೆ," ಎಂದು ಮಡದಿಗೆ ಉಪದೇಶವನ್ನು ದಯಪಾಲಿಸಿದನಾದರೂ ಯಾರಿಗೆ ಯಾರನ್ನು ಗಂಟುಹಾಕಿದ್ದೇನೆಂಬುದನ್ನು ಹೇಳಲಿಲ್ಲ.

ಕೆಲಸ ಕೊಟ್ಟಿದ್ದವಳು ಒಬ್ಬ ದಂತವೈದ್ಯೆ. ಚಿಕಿತ್ಸಾಲಯದ ನಕ್ಷೆ ಅಂದು ಸಂಜೆಯೊಳಗೆ ಅವಳಿಗೆ ತಲುಪಬೇಕಿತ್ತು. ಗೋಡೆಗಳೆದ್ದು ಕಿಟಕಿಗಳು ಕೂಡಿಕೊಂಡು ನಕ್ಷೆ ಭಾರವಾಗುತ್ತಿದ್ದಂತೆ ಪರದೆ ನೀಲಿಗೆ ತಿರುಗಿತು. ಯಂತ್ರ ಆರಿ ತಾನಾಗಿಯೇ ಹತ್ತಿತು. ಮಡದಿ ಮತ್ತೆ ಬರೆದಳು, ಅದು ಮತ್ತೆ ಆರಿತು. ಗಂಡನನ್ನು ಬಯ್ದಿದ್ದರೆ ಆತನ ಪಾಂಡಿತ್ಯಕ್ಕೆ ಕೆಲಸವಾದರೂ ಇರುತ್ತಿತ್ತು. ಅವಳು ವೈದ್ಯೆಗೆ ಫೋನು ಮಾಡಿ, ತನಗಿನ್ನೂ ಅನುಭವ ಸಾಲದು, ತಪ್ಪೆಲ್ಲ ತನ್ನದೇ, ಬೇರೆಯವರಿಗೆ ಒಪ್ಪಿಸಿಬಿಡಿ ಎಂದಳು.

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಸಂಧಾನಕಾರನಿಗೆ ನಿಂತ ನೆಲ ಸುಡುತ್ತಿತ್ತು. ಸತ್ಯವನ್ನು ನುಡಿಯಲು ಬಾಯಿ ತೆರೆದು, ಸಕ್ಕರೆ ಸಾಕೇ ಎಂದು ಕೇಳಿದ.

"ಅಷ್ಟು ಕಷ್ಟಪಟ್ಟು ಮಾಡ್ಕೊಟ್ರಿ," ಎಂದಳು ಮಡದಿ, ಕಣ್ಣೊರೆಸಿಕೊಂಡು. "ನನಗೇ ಯೋಗ್ಯತೆ ಇಲ್ಲ ಬಿಡಿ."

ಬೈಗುಳಕ್ಕೆ ಬಗ್ಗದ ಮನುಷ್ಯ ಈ ಮಾತಿಗೆ ಕುಸಿದುಹೋದ. "ಅದರಲ್ಲಿ ಹಳೇದೊಂದು ರ್‍ಯಾಮ್ ಸೇರ್ಸಿದೀನಿ ಕಣೇ," ಎಂದ ತಲೆತಗ್ಗಿಸಿ. "ಹೊಸದಕ್ಕೂ ಅದಕ್ಕೂ ಆಗಿಬರ್ತಿಲ್ಲ."

ಮಡದಿ ಅವನನ್ನು ನೋಡಿದ ನೋಟದಲ್ಲಿ ಚಹಾ ಆರಿಹೋಯಿತು. ಹಳೆಯ ಪಟ್ಟಿಯನ್ನು ಅವನ ಕೈಯಿಂದಲೇ ಕೀಳಿಸಿದಳು. ಯಂತ್ರ ಮರುಮಾತಿಲ್ಲದೆ ದುಡಿಯತೊಡಗಿತು. ಆಮೇಲೆ ವೈದ್ಯೆಗೆ ಕರೆ ಮಾಡಿ ಫೋನನ್ನು ಅವನ ಮುಂದಿಟ್ಟು, ಇಬ್ಬರಿಗೂ ಕೇಳುವಂತೆ ಸ್ಪೀಕರನ್ನೂ ಒತ್ತಿದಳು.

"ನನಗೆ ಹೇಳಿದ್ದನ್ನ ಅವ್ರಿಗೂ ಹೇಳಿ."

ಪೀಠಿಕೆ, ಉಪಪೀಠಿಕೆಗಳನ್ನೆಲ್ಲ ಬಿಟ್ಟು ಆತ ಹೇಳಿದ. ನಕ್ಷೆಗಾರ್ತಿ ನಿರ್ದೋಷಿ, ಅಪರಾಧಿ ತಾನು. ವೈದ್ಯೆ ಸಾವಧಾನವಾಗಿ ಕೇಳಿ, ಹಾಗಾದರೆ ಕೆಲಸ ಅವಳದೇ, ನಾಳೆ ಕಳುಹಿಸಿದರೂ ಸಾಕೆಂದಳು. ಮಡದಿಯ ಮುಖ ಅರಳಿತು. ಅವನೂ ಉಸಿರುಬಿಟ್ಟ.

"ಅಂದ್ಹಾಗೆ, ಕೋರ್ಟಲ್ಲಿ ರಾಜಿ ಮಾಡ್ಸೋರು ನೀವೇ ಅಲ್ವಾ? ನಿಮ್ಮ ಮನೆಯವ್ರು ಹೇಳ್ತಿದ್ರು," ಎಂದಳು ವೈದ್ಯೆ.

"ಹೌದಮ್ಮ," ಎಂದ, ದನಿಗೆ ತುಸು ಜೀವ ಬಂದಿತ್ತು.

"ನಮ್ಮ ಅಕ್ಕ-ಭಾವ ಈ ವಾರ ನಿಮ್ಮ ಹತ್ರಾನೇ ಬರೋರಿದ್ರು. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತೀನಿ. ತಪ್ಪು ತಿಳ್ಕೋಬೇಡಿ ಸಾರ್."

ಕರೆ ಮುಗಿಯಿತು. ಸಂಧಾನಕಾರನು ತನ್ನ ಪಕ್ಷವನ್ನು ಮಂಡಿಸಲು ಗಂಟಲು ಸರಿಪಡಿಸಿಕೊಂಡ.

"ಸ್ವಲ್ಪ ಸುಮ್ನಿರಿ," ಎಂದಳು ಮಡದಿ ಪರದೆಯಿಂದ ಕಣ್ಣು ತೆಗೆಯದೆ. "ಗೋಡೆ ಎಳೀತಿದೀನಿ."