ಅಣ್ಣನ ಕ್ರೋಮ್ ಚಕ್ರಗಳ ಚಳಿಗಾಲ

ನಗೋಕೆ ಮನಸ್ಸೇ ಇಲ್ಲದ ಮನೆಗಳಲ್ಲೇ ನಗು ತರಿಸೋ ಪ್ರಸಂಗಗಳು ಸಾಲುಸಾಲಾಗಿ ನಡೆಯೋದು. ನಮ್ಮ ಮನೇಲಂತೂ ಈ ಚಳಿಗಾಲ ಪೂರ್ತಿ ಅದೇ ಆಯ್ತು.

ಮಧುಗಿರಿಯಲ್ಲಿ ನಮ್ಮಣ್ಣ ಬಾಡಿಗೆ ಕಾರು ಓಡಿಸ್ತಿದ್ದ. ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯ್ತು, ಬಾಯಿ ಎಡಕ್ಕೆ ಸೊಟ್ಟಗಾಯ್ತು. ಕೈ ಹೋಗಿದ್ದಕ್ಕಿಂತ ಬಾಯಿ ಸೊಟ್ಟಗಾಗಿದ್ದೇ ಅವನಿಗೆ ಸಂಕಟ. ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಕೋಣೆ ಸೇರಿದವನು ಆಚೆಗೇ ಬರಲಿಲ್ಲ. ಅತ್ತಿಗೆ ಮನೇಲಿದ್ದ ಕನ್ನಡಿಗಳನ್ನೆಲ್ಲ ಅಟ್ಟಕ್ಕೆ ಹಾಕಿಬಿಟ್ಟರು.

ಸಂಕ್ರಾಂತಿ ಆದಮೇಲೆ ಅವನ ಒಬ್ಬಳೇ ಮಗಳ ಮದುವೆ. ಶಿರಾದ ಸಂಬಂಧ. "ಈ ಮೂತಿ ಇಟ್ಕಂಡು ನಾನು ಬೀಗ್ರ ಮುಂದೆ ಕುಂತ್ಕಳಲ್ಲ. ಧಾರೆ ನೀನೂ ನಿನ್ನೆಂಡ್ತಿನೂ ಎರ್ದುಬುಡಿ" ಅಂದ ಅಣ್ಣ. "ಅಪ್ಪ ಎರೀದಿದ್ರೆ ನಂಗೆ ಮದ್ವೆನೇ ಬ್ಯಾಡ ಚಿಕ್ಕಪ್ಪ" ಅಂದಳು ಮಗಳು. ಇಬ್ಬರ ಮಧ್ಯೆ ಸಿಕ್ಕಿ ಒದ್ದಾಡಿದವನು ನಾನು.

ಮದುವೆಗೆ ಅಂತ ಅಣ್ಣ ವಹಿಸಿಕೊಂಡ ಕೆಲಸ ಒಂದೇ ಒಂದು. ಮದುಮಗಳು ಹೋಗೋದು ನಮ್ಮ ಕಾರಲ್ಲೇ, ಅದರ ಕ್ರೋಮ್ ಚಕ್ರಗಳು ಅಲ್ಲೀತನಕ ಮಿರಮಿರ ಅಂತಿರಬೇಕು. ಅವನು ಆಸೆಪಟ್ಟು ಹಾಕಿಸಿದ ಚಕ್ರಗಳು ಅವು. ಕಾರು ಓಡಿಸೋನು ನಾನು, ಹುಕುಂ ಮಾತ್ರ ಒಳಕೋಣೆಯಿಂದ.

೧. ಪಾವಗಡದ ನಾಷ್ಟಾ

"ಇಬ್ಬನಿ ಕುಂತ್ರೆ ಚುಕ್ಕೆ ಬೀಳ್ತದೆ ಕಣ್ಲಾ. ಒಣಬಟ್ಟೇಲಿ ಒರೆಸಿ ಮೇಣ ತಿಕ್ಕು" ಅಂತ ಅಣ್ಣನ ಹುಕುಂ.

"ಮೇಣ ಮುಗಿದೋಗೈತೆ ಅಣ್ಣಾ."

"ಅಂಗಾರೆ ಎಣ್ಣೆ ಸವರು."

ಅತ್ತಿಗೆ ಬಟ್ಟಲಲ್ಲಿ ಎಣ್ಣೆ ತಂದುಕೊಟ್ಟರು. ಹಿಂದಿನ ದಿನ ಬೋಂಡ ಕರಿದು ಮಿಕ್ಕಿದ ಕಡಲೆಕಾಯಿ ಎಣ್ಣೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕೂ ಚಕ್ರಕ್ಕೆ ಚೆನ್ನಾಗಿ ಬಳಿದು ಪಾವಗಡಕ್ಕೆ ಬಾಡಿಗೆ ಹೋದೆ. ಬಸ್ ಸ್ಟ್ಯಾಂಡ್ ಹತ್ರ ಕಾರು ನಿಲ್ಲಿಸಿ ಟೀ ಕುಡಿದು ತಿರುಗಿ ನೋಡ್ತೀನಿ, ಚಕ್ರಕ್ಕೊಂದರಂತೆ ನಾಯಿಗಳು ಪಂಕ್ತಿ ಊಟಕ್ಕೆ ಕೂತಂಗೆ ನೆಕ್ತಾ ನಿಂತಿವೆ!

"ಏಮ್ ಅಣ್ಣಾ, ಕುಕ್ಕಲಕಿ ಟಿಫನ್ ಪೆಟ್ಟಿನಾವಾ?" ಅಂದ ಟೀ ಅಂಗಡಿಯವನು. ನಾಯಿಗಳಿಗೆ ನಾಷ್ಟಾ ಇಟ್ಟಿದ್ದೀಯಾ ಅಂತ. ಅಲ್ಲಿದ್ದ ಜನ ಬಿದ್ದುಬಿದ್ದು ನಕ್ಕರು.

ಮನೆಗೆ ಬಂದು ಹೇಳಿದೆ. ಟವೆಲ್ ಒಳಗಿಂದ ಅಣ್ಣ ಗಂಭೀರವಾಗಿ ಕೇಳಿದ: "ನೆಕ್ಕಿದ್ಮೇಲೆ ಹೊಳಪು ಬಂತಾ?"

"ಬಂತು."

"ಅಂಗಾರೆ ನಾಳೆನೂ ಪಾವಗಡದ ಬಾಡಿಗೆನೇ ಹಿಡಿ."

೨. ಅತ್ತಿಗೆಯ ಪಾತ್ರೆ ತೊಳೆಯೋ ದಿನ

ಮದುವೆ ಹತ್ತಿರ ಬಂತಂತ ಅತ್ತಿಗೆ ಹಿತ್ತಾಳೆ ಪಾತ್ರೆ ತೊಳೆಯೋಕೆ ಕೂತರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಬಿಂದಿಗೆ, ಕೊಳದಪ್ಪಲೆ ಎಲ್ಲ ಬೆಳಗಿ ಆದಮೇಲೆ ಹುಣಸೆಹಣ್ಣು ಇನ್ನೂ ಉಳಿದಿತ್ತು. ಯಾಕೆ ದಂಡ ಮಾಡೋದು ಅಂತ ಕಾರಿನ ಚಕ್ರಕ್ಕೂ ಹಚ್ಚಿಬಿಟ್ಟರು ಪುಣ್ಯಾತ್ಗಿತ್ತಿ!

ಕ್ರೋಮಿಗೆ ಹುಳಿ ಆಗಲ್ಲ, ಬೂದಿ ಮೊದಲೇ ಆಗಲ್ಲ. ಒಳಗೆ ಮಲಗಿದ್ದ ಅಣ್ಣನಿಗೆ ಆ ಗರಗರ ಸದ್ದು ಕೇಳಿಸಿತು. ಗಾಬರಿಯಾದರೆ ಅವನಿಗೆ ಮಾತು ಹೊರಡಲ್ಲ. ಎಡಗೈಯಲ್ಲಿ ಮಂಚ ಬಡಿದ. ಗಂಡ ಮೆಚ್ಚಿಕೊಂಡು ಶಹಬ್ಬಾಸ್ ಅಂತಾವ್ನೆ ಅಂದ್ಕೊಂಡು ಅತ್ತಿಗೆ ಇನ್ನೂ ಜೋರಾಗಿ ಉಜ್ಜಿದರು. ಅವನು ಬಡಿದಷ್ಟೂ ಇವರು ಉಜ್ಜಿದರು.

ನಾನು ಬರೋ ಹೊತ್ತಿಗೆ ಒಂದು ಚಕ್ರ ಮಂಕು ಬಡಿದು ಕೂತಿತ್ತು. ಅಣ್ಣ ಅಳ್ತಿದ್ದ. ಮೊದಲಾಗಿದ್ದರೆ ಒಂದು ಸಲ ಕೂಗಿದರೂ ಬೀದಿಗೇ ಕೇಳಿಸ್ತಿತ್ತು ಅವನ ದನಿ. ಮಂಕಾದ ಚಕ್ರ ಬಿಚ್ಚಿ ಡಿಕ್ಕಿಗೆ ಹಾಕಿ, ಸ್ಟೆಪ್ನಿ ಕೂರಿಸಿದೆ. ಅದೂ ಕ್ರೋಮೇ, ಪುಣ್ಯ. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನೇ ಬೈದರು: "ಬೆಳಗಿದ್ರೆ ಕೆಡೋ ಸಾಮಾನನ್ನ ಯಾರಾದ್ರೂ ಮನೇಲಿ ಇಟ್ಕತಾರಾ?"

೩. ಹುರುಳಿ ರಸ್ತೆ

ನಮ್ಮ ಕಡೆ ಚಳಿಗಾಲದಲ್ಲಿ ಟಾರು ರಸ್ತೆನೇ ಕಣ. ಕಿತ್ತ ಹುರುಳಿಯನ್ನ ರಸ್ತೆ ತುಂಬ ಹರಡಿಬಿಡ್ತಾರೆ, ಹೋಗಿಬರೋ ಗಾಡಿಗಳು ತುಳಿದು ಕಾಳು ಬಿಡಿಸಿಕೊಡಬೇಕು. ಆದರೆ ಆ ಕಡ್ಡಿ ಚಕ್ರಕ್ಕೆ ಸುತ್ತಿಕೊಂಡರೆ ಕ್ರೋಮ್ ಗೀಚಿಹೋಗ್ತದೆ. "ಹುರುಳಿ ಮ್ಯಾಲೆ ಹತ್ತಿಸಿದ್ರೆ ನನ್ನ ಎದೆ ಮ್ಯಾಲೆ ಹತ್ತಿಸ್ದಂಗೆ" ಅಂದಿದ್ದ ಅಣ್ಣ.

ಕೊಡಿಗೇನಹಳ್ಳಿ ದಾಟಿ ಸ್ವಲ್ಪ ದೂರ ಹೋದೆ, ಎದುರಿಗೇ ಹುರುಳಿ. ನಿಲ್ಲಿಸಿದೆ. ಕಾಯ್ತಾ ಕೂತಿದ್ದ ಅಜ್ಜಿ ಎದ್ದು ಬಂತು.

"ಯಾಕಪ್ಪ ನಿಂತ್ಕಂಡೆ? ತುಳ್ಕಂಡೋಗು."

"ಚಕ್ರ ಗೀಚ್ತದೆ ಅಜ್ಜಿ. ಒಸಿ ಪಕ್ಕಕ್ಕೆ ಸರಿಸ್ಕತೀನಿ."

ಅಜ್ಜಿ ಬಗ್ಗಿ ಚಕ್ರ ಮುಟ್ಟಿ ನೋಡಿತು. "ಇಷ್ಟು ನಾಜೂಕಿಂದು ರೋಡಿಗ್ಯಾಕೆ ತಂದೆ? ಬೀರುನಾಗ್ ಮಡಗಿ ನಡ್ಕಂಡ್ ಬರಾದಲ್ವಾ?" ಅಂದು ಸೊಂಟಕ್ಕೆ ಕೈ ಕೊಟ್ಟಿತು. "ಸರಿಸ್ಕೊ. ಆದ್ರೆ ನಿನ್ ಕಾರು ತುಳೀಬೇಕಾಗಿದ್ದನ್ನ ನೀನೇ ತುಳ್ದು ಹೋಗು."

ಬಾಡಿಗೆಯವರು ಕಾರಿನೊಳಗೆ ಕೂತು ನಗ್ತಿದ್ದರು. ನಾನು ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು, ಅಜ್ಜಿ ಸಾಕು ಅನ್ನೋವರೆಗೂ ಹುರುಳಿ ತುಳಿದೆ. ಮನೆಗೆ ಬಂದಾಗ ಅಣ್ಣ ಚಕ್ರಕ್ಕೇನೂ ಆಗಲಿಲ್ವಲ್ಲ ಅಂತ ನಾಲ್ಕೂ ಚಕ್ರದ ಕ್ಷೇಮ ವಿಚಾರಿಸಿದ. ನನ್ನ ಅಂಗಾಲಿನ ಸುದ್ದಿ ಯಾರೂ ಎತ್ತಲಿಲ್ಲ.

೪. ಚಕ್ರ ಒಳಗೆ ಬಂದಿದ್ದು

ಮದುವೆ ಹಿಂದಿನ ದಿನ. ಧಾರೆಗೆ ಯಾರು ಕೂರೋದು ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ. ಮಗಳು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅಣ್ಣ ಮಾತ್ರ, "ನಿನ್ನ ನಂಬಲ್ಲ, ಚಕ್ರನ ಕಣ್ಣಾರೆ ನೋಡ್ಬೇಕು" ಅಂದ. ಆಚೆ ಬಂದು ನೋಡು ಅಂದರೆ ಬರಲ್ಲ. ತಲೆ ಕೆಟ್ಟು, ಜಾಕ್ ಹಾಕಿ ಒಂದು ಚಕ್ರ ಬಿಚ್ಚಿ ಹೊತ್ತುಕೊಂಡು ಹೋಗಿ ಅವನ ಮಂಚದ ಮುಂದೆ ಗೋಡೆಗೆ ಒರಗಿಸಿದೆ. ಎಲ್ಲರೂ ಬಂದು ನಿಂತರು.

ಆಮೇಲೆ ಅತ್ತಿಗೆ ನನ್ನ ತೋಳು ಹಿಂಡಿದರು. ಅವರು ಮನೆಯ ಕನ್ನಡಿಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದರೆ, ನಾನೇ ಒಂದು ಕನ್ನಡಿಯನ್ನ ಹೊತ್ತು ತಂದಿದ್ದೆ!

ಅಣ್ಣ ಟವೆಲ್ ಕೆಳಗಿಳಿಸಿ ಬಗ್ಗಿ ನೋಡಿದ. ಆ ಚಕ್ರದ ಉಬ್ಬುತಗ್ಗಿನಲ್ಲಿ ನನ್ನ ಮೂಗು ಕುಂಬಳಕಾಯಿ ಆಗಿತ್ತು, ಅತ್ತಿಗೆ ಬಾಯಿ ಕಿವಿ ಮುಟ್ಟಿತ್ತು, ಮಗಳ ಗಲ್ಲ ಒಂದು ಕಡೆ ಜಾರಿತ್ತು. ಅಣ್ಣನ ಎಳೆದುಹೋದ ಬಾಯಿ ಮಾತ್ರ ಅದರಲ್ಲಿ ಹೆಂಗೋ ನಡುವಿಗೆ ಬಂದು ಕೂತಿತ್ತು. ಅವನು ನಮ್ಮೆಲ್ಲರನ್ನೂ ಅದರಲ್ಲೇ ಒಬ್ಬೊಬ್ಬರಾಗಿ ನೋಡಿದ. ಹೊಟ್ಟೆ ಕುಲುಕಿತು. ಲಕ್ವ ಹೊಡೆದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಜೊಲ್ಲು ಇಳಿಯಿತು, ಮುಚ್ಚಿಕೊಳ್ಳಲಿಲ್ಲ. ಮಗಳು ಕೂತು ಒರೆಸಿದಳು.

"ನಾಳೆ ಧಾರೆ ನಾನೇ ಎರೀತೀನಿ ಕಣಮ್ಮ" ಅಂದ ತೊದಲುತ್ತಾ. ನಾವೆಲ್ಲ ಅಳೋಕೆ ಶುರು ಮಾಡಿದ್ವಿ.

ಅವನು ನನ್ನ ಕಡೆ ತಿರುಗಿದ. "ಲೇ, ಇದನ್ನ ಮಂಟಪದಾಗೆ ನನ್ನ ಪಕ್ಕದಾಗೇ ಮಡಗು. ಬೀಗ್ರು ನನ್ನ ನೋಡೋದಾದ್ರೆ ಇದ್ರಾಗೇ ನೋಡ್ಲಿ. ಕಾರು ಮೂರು ಚಕ್ರದಾಗೆ ಹೆಂಗೋ ಬತ್ತದೆ."