ವಾಪಸ್ ಬರ್ತೀನಿ ಅನ್ನೋದಕ್ಕೆ ಪುರಾವೆ

ಎಲ್ಲ ರಗಳೆಗೂ ಕಾರಣ ವೀಸಾ ಅರ್ಜಿಯ ಹದಿನೇಳನೇ ಪ್ರಶ್ನೆ: ‘ಭೇಟಿ ಮುಗಿದ ಮೇಲೆ ನೀವು ಸ್ವದೇಶಕ್ಕೆ ಮರಳುತ್ತೀರಿ ಎನ್ನುವುದಕ್ಕೆ ಆಧಾರವೇನು?’

ವಾಲ್ವಣ್ಣ ಅದನ್ನು ಮೂರು ಸಲ ಓದಿದ. ಹೋಗುವುದಕ್ಕೇ ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಆಗಲೇ ಯಾವಾಗ ಹೊರಡ್ತೀಯ ಅಂತಾರಲ್ಲ, ಇವರೆಂಥ ನೆಂಟರು!

ತಾನಿದ್ದ ಏಳಂತಸ್ತಿನ ಕಟ್ಟಡದ ಅರವತ್ತು ಮನೆಗಳಿಗೆ ನೀರು ಹತ್ತಿಸುವುದು ಅವನ ಕೆಲಸ. ನೆಲಮಾಳಿಗೆಯಲ್ಲಿ ಒಂದು ಪಂಪು, ಐದು ವಾಲ್ವು. ಯಾವುದನ್ನು ಎಷ್ಟು ಸುತ್ತು ತಿರುಗಿಸಬೇಕು ಎನ್ನುವುದು ಹದಿನೆಂಟು ವರ್ಷದಿಂದ ಅವನೊಬ್ಬನಿಗೇ ಗೊತ್ತು. ಕಟ್ಟಿಕೊಂಡ ಹೆಂಡತಿಗೂ ಆ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲರಿಗೂ ಮರೆತು, ವಾಲ್ವಣ್ಣ ಅನ್ನುವುದೇ ನಿಂತಿತ್ತು.

ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಪರದೇಶದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದಳು. ಅವಳ ಮುಖ ನೋಡಿ ಹನ್ನೆರಡು ವರ್ಷ. “ಮೂರೇ ಮೂರು ವಾರ ಬಂದು ಹೋಗೋ” ಅಂತ ಫೋನಿನಲ್ಲಿ ಅತ್ತಿದ್ದಳು. ವೀಸಾ ಇಂಟರ್‌ವ್ಯೂ ಇವತ್ತೇ ಮಧ್ಯಾಹ್ನ ಎರಡಕ್ಕೆ.

ವಾಲ್ವಣ್ಣ ಅರ್ಜಿ ಹಿಡಿದು ಎರಡನೇ ಮಹಡಿಗೆ ಓಡಿದ. ಅಲ್ಲಿದ್ದವರು ಅರ್ಜಿ ತಾತ. ಸರ್ಕಾರಿ ಕಚೇರಿಯಲ್ಲಿ ನಲವತ್ತು ವರ್ಷ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದ ಜೀವ.

“ಭೇಟಿಯ ಉದ್ದೇಶ ಬಿಸಿನೆಸ್ ಅಂತ ಹಾಕಿದೀಯಲ್ಲೋ?”

“ಹೌದು ತಾತ. ಅಕ್ಕನ ಅಂಗಡಿ ಮೆಷಿನ್ ಸೋರುತ್ತಂತೆ. ಬಂದಾಗ ಒಂಚೂರು ನೋಡು ಅಂದ್ಲು.”

“ಅಯ್ಯೋ ನಿನ್ನ! ಬಿಸಿನೆಸ್ ಅಂದ್ರೆ ಸೂಟು ಹಾಕ್ಕೊಂಡು ಮಾತುಕತೆಗೆ ಹೋಗೋರಿಗೆ. ಟ್ರಾನ್ಸಿಟ್ ಅಂದ್ರೆ ಅಲ್ಲಿ ಇಳಿದು ಬೇರೆ ದೇಶಕ್ಕೆ ಹೋಗೋರಿಗೆ. ಟೂರಿಸ್ಟ್ ಅಂದ್ರೆ ಊರು ಸುತ್ತೋರಿಗೆ. ನಿಂದು ಬಂಧುಗಳ ಭೇಟಿ. ಅಲ್ಲಿ ಉಣ್ಣು, ಮಲಗು, ಅಕ್ಕನ ಜೊತೆ ಜಗಳ ಆಡು. ಅಂಗಡೀಲಿ ಒಂದು ನಟ್ಟು ಮುಟ್ಟೋ ಹಾಗಿಲ್ಲ!”

“ಸೋರ್ತಾ ಇದ್ರೂ?”

“ಮುಳುಗ್ತಾ ಇದ್ರೂ!”

ಹೊಸ ಫಾರಂ ತುಂಬಿದ್ದಾಯಿತು. ಹದಿನೇಳನೇ ಪ್ರಶ್ನೆಗೆ ತಾತ ಕನ್ನಡಕ ಏರಿಸಿ ತೀರ್ಪು ಕೊಟ್ಟರು: “ನೀನಿಲ್ಲದೆ ಇಲ್ಲಿ ನಡೆಯಲ್ಲ ಅಂತ ಕೆಲಸ ಕೊಟ್ಟೋರು ಬರೆದುಕೊಡಬೇಕು. ಅದೇ ಪುರಾವೆ.”

ಕಟ್ಟಡದ ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಕುರ್ಚಿಯಲ್ಲಿ ಒಬ್ಬರ ಬಾಯಿ ತೆರೆಸಿಟ್ಟು, ಹಾಗೇ ನಿಂತುಕೊಂಡು ಬರೆದರು: ‘ಇವರಿಲ್ಲದೆ ಅರವತ್ತು ಕುಟುಂಬಗಳಿಗೆ ಒಂದು ದಿನವೂ ನೀರಿಲ್ಲ.’ ಬಾಯಿ ತೆರೆದವರು “ಆಂ, ಆಂ” ಅಂತ ಕೈ ಚಾಚಿ ತಾವೂ ಸಹಿ ಹಾಕಿದರು. ಸುದ್ದಿ ಮೆಟ್ಟಿಲು ಹತ್ತಿತು. ಸಹಿಗಳು ಮೂವತ್ತೊಂದಾದವು. ಯಾರೋ ಕೆಳಗೆ ‘ಇವರು ನಮ್ಮ ಪಾಲಿನ ಮೋಡ’ ಅಂತಲೂ ಸೇರಿಸಿದರು. ಏಳನೇ ಮಹಡಿಯ ಟೀಚರಮ್ಮ ಮಾತ್ರ ಪೆನ್ನು ಹಿಡಿದು, “ನೀವಿದ್ರೂ ನಮ್ಮ ನಲ್ಲಿ ಕೆಮ್ಮುತ್ತೆ ಅಷ್ಟೇ. ಆದ್ರೂ ಪಾಪ, ಹಾಕ್ತೀನಿ ಕೊಡಿ” ಅಂದರು.

ವಾಲ್ವಣ್ಣ ಆ ಕಾಗದವನ್ನು ಮೆಟ್ಟಿಲಲ್ಲೇ ಎರಡು ಸಲ ಓದಿದ. ಎದೆ ತುಂಬಿದ ಟ್ಯಾಂಕಿನಂತೆ ಉಬ್ಬಿತು. ಇಷ್ಟು ವರ್ಷ ನೀರು ನಿಂತರೆ ಬೈಯುವವರೇ. ಬಂದಾಗ ಹೊಗಳಿದವರನ್ನು ಅವನು ಕಂಡಿದ್ದು ಇವತ್ತೇ. ನೆಲಮಾಳಿಗೆಯ ಕೀಲಿಯನ್ನು ಡಾಕ್ಟರ ಕೈಗಿಟ್ಟು, “ನಾಲ್ಕು ಗಂಟೆಗೆ ಪಂಪು ಹಾಕೋಕೆ ಬಂದ್ಬಿಡ್ತೀನಿ. ಯಾರೂ ಮುಟ್ಟಬೇಡಿ ಡಾಕ್ಟ್ರೇ, ಪೈಪು ಒಡೆದೀತು” ಅಂತ ಹೇಳಿ ಹೊರಟ.

ವೀಸಾ ಕಚೇರಿಯ ಬಾಗಿಲಲ್ಲೇ ಯಂತ್ರ ಕಿರುಚಿತು. ಜೇಬಿನಲ್ಲಿ ಸ್ಪ್ಯಾನರ್! ಕಾವಲಿನವನು ಅದನ್ನು ಎತ್ತಿ ಹಿಡಿದು, “ಅಲ್ಲಿ ಹೋಗಿ ರಿಪೇರಿ ಕೆಲಸಾನಾ?” ಅಂದ.

“ಇಲ್ಲಣ್ಣಾ, ಉಣ್ಣೋದು, ಮಲಗೋದು, ಜಗಳ ಆಡೋದು, ಅಷ್ಟೇ” ಅಂತ ವಾಲ್ವಣ್ಣ ಪಾಠ ಒಪ್ಪಿಸಿದ. ಆ ಪಂಚಾಯಿತಿ ಮುಗಿಯುವ ಹೊತ್ತಿಗೆ ಅವನ ಸರದಿ ತಪ್ಪಿ, ಒಳಗೆ ಕರೆದಾಗ ನಾಲ್ಕೂಕಾಲು. ಅಲ್ಲಿ ಪಂಪು ನಿಂತಿದೆ, ಅರವತ್ತು ಮನೆ ಒಣಗುತ್ತಿವೆ ಅಂತ ಅವನು ಗೋಡೆಯ ಗಡಿಯಾರ ನೋಡುತ್ತಲೇ ಒಳಗೆ ಹೋದ.

ಅಧಿಕಾರಿ ಪತ್ರ ಓದಿದರು. “ಒಂದು ದಿನವೂ ನಡೆಯಲ್ಲ ಅಂತ ಬರೆದಿದ್ದಾರೆ. ಮೂರು ವಾರ ಹೇಗ್ರೀ ನಡೆಯುತ್ತೆ?”

“ನಡೆಯಲ್ಲ ಸಾರ್. ಈಗಲೇ ಹದಿನೈದು ನಿಮಿಷ ಲೇಟಾಗಿದೆ. ದಯವಿಟ್ಟು ಬೇಗ ಇಲ್ಲ ಅಂದ್ಬಿಡಿ, ನಾನು ಓಡಬೇಕು!”

ಅಧಿಕಾರಿ ಕುರ್ಚಿಗೆ ಒರಗಿ ನಕ್ಕರು. “ವಾಪಸ್ ಬರೋಕೆ ಇಷ್ಟು ಅವಸರ ಇರೋರನ್ನ ನಾನು ನೋಡೇ ಇಲ್ಲ. ಮಂಜೂರು. ಶುಕ್ರವಾರ ಪಾಸ್‌ಪೋರ್ಟ್ ತಗೊಂಡು ಹೋಗಿ.”

ವಾಲ್ವಣ್ಣ ಬಸ್ಸಿನಲ್ಲಿ ಕೂತಿದ್ದರೂ ಕಾಲು ಓಡುತ್ತಲೇ ಇದ್ದವು. ಗೇಟಿನಲ್ಲಿ ಖಾಲಿ ಬಕೆಟ್ಟುಗಳ ಮೆರವಣಿಗೆ ಇರುತ್ತದೆ, ‘ಬಂದನಪ್ಪಾ ಬಂದ’ ಅಂತ ಎಲ್ಲರೂ ಮುತ್ತಿಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿದ್ದ. ಗೇಟಿನಲ್ಲಿ ಒಂದು ಬೆಕ್ಕು ಮಾತ್ರ ಇತ್ತು. ಅದೂ ಮುಖ ತಿರುಗಿಸಿತು.

ನೆಲಮಾಳಿಗೆಯಲ್ಲಿ ಪಂಪು ಗುಯ್ ಅನ್ನುತ್ತಿತ್ತು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಟೀಚರಮ್ಮ ಉತ್ತರಪತ್ರಿಕೆ ತಿದ್ದುತ್ತಿದ್ದರು.

“ನಾಲ್ಕಾದರೂ ನೀವು ಬರಲಿಲ್ಲ, ಡಾಕ್ಟರ ಹತ್ರ ಕೀಲಿ ಇಸ್ಕೊಂಡೆ. ಯಾವ ವಾಲ್ವು ಅಂತ ಗೊತ್ತಾಗಲಿಲ್ಲ, ಐದನ್ನೂ ಪೂರ್ತಿ ತೆಗೆದುಬಿಟ್ಟೆ. ಏನೂ ಒಡೀಲಿಲ್ಲ. ನಮ್ಮ ಮನೇಲಿ ಷವರ್ ಬಂತು ವಾಲ್ವಣ್ಣಾ, ಷವರ್! ನೀವು ಆರಾಮಾಗಿ ಹೋಗಿ ಬನ್ನಿ. ಮೂರು ವಾರ ಯಾಕೆ, ಮೂರು ತಿಂಗಳೇ ಇರಿ.”

ಹಿಂದೆ ನಿಂತಿದ್ದ ಡಾಕ್ಟರು ತಮ್ಮ ಎಲ್ಲ ಹಲ್ಲೂ ತೋರಿಸಿ, “ರಜೆ ಮಂಜೂರು!” ಅಂದರು.

ಮನೆಯಲ್ಲಿ ಹೆಂಡತಿ, “ರೀ, ವೀಸಾನೂ ಆಯ್ತು, ರಜೆನೂ ಆಯ್ತು. ಇನ್ನೂ ಯಾಕ್ರೀ ಈ ಮುಖ?” ಅಂದಳು. ಅವನು ಅಕ್ಕನಿಗೆ ಫೋನು ಹಚ್ಚಿದ.

“ಅಕ್ಕಾ, ವೀಸಾ ಸಿಕ್ತು. ಆದ್ರೆ ನಾನು ಬರೋಕಾಗಲ್ಲ.”

“ಯಾಕೋ? ನೀನಿಲ್ಲದೆ ಅಲ್ಲಿ ನಡೆಯಲ್ವಾ?”

“ನಡೆಯುತ್ತಕ್ಕಾ. ಅದಕ್ಕೇ ಬರೋಕಾಗಲ್ಲ.”

ಆ ಕಡೆ ಅಕ್ಕ ಬಟ್ಟೆ ತಿರುವುತ್ತಿದ್ದ ಮೆಷಿನ್ನನ್ನು ನಿಲ್ಲಿಸಿದಳು. ಆಮೇಲೆ ದನಿ ತಗ್ಗಿಸಿ ಅಂದಳು: “ಅರ್ಥ ಆಯ್ತು ಬಿಡೋ. ಹನ್ನೆರಡು ವರ್ಷದಿಂದ ನಾನ್ಯಾಕೆ ಈ ಅಂಗಡಿ ಬಿಟ್ಟು ಆ ಕಡೆ ಬಂದಿಲ್ಲ ಅಂದ್ಕೊಂಡೆ?”