ಮುನಿಯಮ್ಮನ ಹೊಲ ಹಿಗ್ಗಿದ್ದು

ಕಣ್ಣಿಗೆ ಕಾಣದ್ದರ ಮೇಲೆ ತಪ್ಪು ಹೊರಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಅದು ಮನೆ ಬಾಗಿಲಿಗೆ ಬಂದು ಜಗಳ ಆಡುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಭೂಮಾಪಕರೊಬ್ಬರ ಹಿಂದೆ ಅಳತೆಯ ಸರಪಳಿ ಎಳೆಯುತ್ತಿದ್ದ ನನಗೆ ಇದು ಇಪ್ಪತ್ತರ ವಯಸ್ಸಿಗೇ ಗೊತ್ತಿತ್ತು. ವಿಜ್ಞಾನಿಗಳಿಗೂ ಗೊತ್ತು ಎಂಬುದು ತಿಳಿದದ್ದು ಮೊನ್ನೆ, ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಮೊಮ್ಮಗಳ ಜೊತೆ ಅವರೆಕಾಳು ಹಿತುಕುತ್ತಾ ಕೂತಿದ್ದಾಗ.

"ತಾತ, ಬ್ರಹ್ಮಾಂಡ ಹಿಗ್ತಾ ಇದೆ. ಅದೂ ಬರ್ತಾ ಬರ್ತಾ ಜೋರಾಗಿ," ಎಂದಳು. "ಯಾವ್ದೋ ಕಾಣದ ಶಕ್ತಿ ತಳ್ತಿದೆ ಅಂತ ಡಾರ್ಕ್ ಎನರ್ಜಿ ಅನ್ನೋ ಹೆಸರಿಟ್ಟಿದಾರೆ. ಈಗ ಕೆಲವರು, ತಳ್ಳೋರು ಯಾರೂ ಬೇಕಿಲ್ಲ, ನಾವು ಅಳೆಯೋ ರೀತೀನೇ ಸರಿ ಇಲ್ಲ ಅಂತಾರೆ. ಯಾಕ್ ತಾತ, ಕಾಳು ಬಿಟ್ಟು ಸಿಪ್ಪೆ ಪಾತ್ರೆಗೆ ಹಾಕ್ತಿದೀಯ?"

ಹಾಕದೆ ಏನು ಮಾಡಲಿ? ನಾನು ಸರಪಳಿ ಎಳೆಯುತ್ತಿದ್ದ ಕಾಲಕ್ಕೆ ಅಬ್ಬಿಗೆರೆ ಇನ್ನೂ ಹಳ್ಳಿ. ಪಕ್ಕದವರ ಗಡಿ ತಕರಾರಿನಿಂದಾಗಿ ಮುನಿಯಮ್ಮನ ಹೊಲವನ್ನು ವರ್ಷಕ್ಕೊಮ್ಮೆ ಅಳೆಯುತ್ತಿದ್ದೆವು. ಸರಪಳಿಯ ಕೊಂಡಿ ಮುರಿದರೆ ಬೈಗುಳ ಖಚಿತ. ಹಾಗಾಗಿ ಮುರಿದದ್ದನ್ನು ಕೆರೆಗೆ ಎಸೆದು ಉಳಿದದ್ದನ್ನು ಜೋಡಿಸಿಬಿಡುತ್ತಿದ್ದೆ. ನಮ್ಮ ಸಾಹೇಬರು ಕೊಂಡಿ ಎಣಿಸುವವರಲ್ಲ. ಮೊದಲ ವರ್ಷ ಒಂದು ಹೋಯಿತು, ಮರುವರ್ಷ ಎರಡು, ಆಮೇಲೆ ನಾಲ್ಕು. ಸರಪಳಿ ಗಿಡ್ಡವಾದಷ್ಟೂ ಲೆಕ್ಕದಲ್ಲಿ ಹೊಲ ಉದ್ದವಾಯಿತು. ಗಡಿಕಲ್ಲಿನ ಬುಡದ ಹುಲ್ಲು ಕೂಡ ಅಲುಗಿಲ್ಲ, ನೆಲ ಮಾತ್ರ ಬೆಳೆಯುತ್ತಿದೆ! ಸಾಹೇಬರ ಮುಖ ಬಿಳಿಚಿಕೊಂಡಿತು. ಹೊಲದ ನಡುವೆ ಮುನಿಯಮ್ಮನ ಗಂಡನನ್ನು ಮಣ್ಣು ಮಾಡಿದ್ದರು. "ಒಳಗಿಂದ ಅವ್ನೇ ತಳ್ತಾವ್ನೆ," ಎಂದರು ಊರವರು. ನಾನೂ ತಲೆಯಾಡಿಸಿದೆ. ನಡುಹಗಲಲ್ಲೂ ಆ ಬದುವಿನ ಮೇಲೆ ಯಾರೂ ನಡೆಯದಾದರು. ವಿಚಿತ್ರವೆಂದರೆ, ಕೊಂಡಿ ಎಸೆದ ನನಗೂ ಅಲ್ಲಿ ಕಾಲಡಿಯ ಮಣ್ಣು ಮೆಲ್ಲಗೆ ಉಬ್ಬಿದಂತಾಗುತ್ತಿತ್ತು.

ಮೊಮ್ಮಗಳ ಮಾತು ಕೇಳಿದ ಮರುದಿನವೇ ಅಬ್ಬಿಗೆರೆ ಬಸ್ಸು ಹತ್ತಿದೆ. ಸುತ್ತ ನಾಲ್ಕಂತಸ್ತಿನ ಮನೆಗಳು. ನಡುವೆ ಆ ಸಮಾಧಿ ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಮುದುಕಿ ಮುನಿಯಮ್ಮ, ಅಂಗೈಯನ್ನು ಮಣ್ಣಿಗೆ ಒತ್ತಿ ಕೂತಿದ್ದರು. ಎಲ್ಲವನ್ನೂ ಹೇಳಿ ಕಾಲು ಮುಟ್ಟಿದೆ. ಆಕೆ ಅಂಗೈ ಎತ್ತಿ, ಅಂಟಿದ ಮಣ್ಣನ್ನೇ ನೋಡಿದರು.

"ಅಂಗಾರೆ ಇಷ್ಟ್ ವರ್ಸ ಇವ್ನು ಅಲ್ಲಾಡ್ಲೇ ಇಲ್ವಾ? ದಿನಾ ಕೈಯಿಟ್ಟು ಮಾತಾಡಿಸ್ತಿದ್ನಲ್ಲಪ್ಪಾ, ಒಳಗೆ ಅವ್ನೆ ಅನ್ಕೊಂಡು."

ಪಾಪ ತೊಳೆದುಕೊಳ್ಳಲು ಹೋದವನು ನಾನು. "ಇಲ್ಲ ಕಣಮ್ಮ, ವಯಸ್ಸಾಯ್ತು, ನಂಗೇ ಮರೆವು. ಸರಪಳಿ ಸರಿಯಾಗೇ ಇತ್ತು," ಎಂದುಬಿಟ್ಟೆ.

ಆಕೆಯ ಮುಖ ಅರಳಿತು. ನನ್ನ ಕೈ ಹಿಡಿದು ಮಣ್ಣಿನ ಮೇಲಿಟ್ಟು, "ನೋಡು, ಈಗ," ಎಂದರು.

ದೇವರಾಣೆ, ಏನೋ ಸಣ್ಣಗೆ ತಳ್ಳಿತು. ಮೊಮ್ಮಗಳಿಗೆ ಇದನ್ನು ಹೇಳಿಲ್ಲ. ಅಳೆದದ್ದು ಯಾರು ಎಂದು ಕೇಳಿದರೆ ನನ್ನ ಹೆಸರನ್ನೇ ಹೇಳಬೇಕಾಗುತ್ತದೆ.